ಹಸಿರು ಪಾಸ್‌ಪೋರ್ಟಿನವರ ಡೆಲ್ಫಿನ್ ಬಾಯಮ್ಮ

ಡೆಲ್ಫಿನ್ ಬಾಯಮ್ಮ ಅರ್ಜಿ ಓದತೊಡಗಿದರೆ ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರಿಗೂ ಕೇಳುತ್ತಿತ್ತು. ನೈರೋಬಿಯ ಕಿಲೆಲೆಶ್ವಾದ ಹಳೆಯ ಫ್ಲಾಟು ಕಟ್ಟಡವೊಂದರ ನೆಲಮಹಡಿಯಲ್ಲಿ, ಊಟದ ಮೇಜನ್ನೇ ಕಚೇರಿಯಾಗಿಸಿಕೊಂಡು, ಪರದೇಶಕ್ಕೆ ಹೊರಟವರ ವೀಸಾ ಅರ್ಜಿಗಳನ್ನು ತುಂಬಿಕೊಡುವುದು ಆಕೆಯ ಕಸುಬು. ತುಂಬಿದ ಅರ್ಜಿಯನ್ನು ಅರ್ಜಿದಾರನ ಎದುರು, ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ, ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಬೈಬಲಿನ ವಾಚನ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದಿ ಕೇಳಿಸದೆ ಆಕೆ ರುಜುವಿಗೆ ಪೆನ್ನು ಕೊಟ್ಟ ಉದಾಹರಣೆ ಒಂದೂ ಇಲ್ಲ. "ಇದು ನಿಮ್ಮ ಬದುಕು. ಕೇಳಿ. ಹೌದು ಅಂತ ಅನ್ನಿಸಿದ್ರೆ ಮಾತ್ರ ಸೈನ್ ಹಾಕಿ." ತಮ್ಮದೇ ಹುಟ್ಟು, ಓದು, ನೌಕರಿ, ಮದುವೆಗಳನ್ನು ಇನ್ನೊಬ್ಬರ ಕಂಠದಲ್ಲಿ ಮೊದಲ ಸಲ ಕೇಳಿದವರು ಏನೇನೋ ಮಾಡುತ್ತಿದ್ದರು. ಹುರಿಮೀಸೆಯ ಲಾರಿ ಮೆಕ್ಯಾನಿಕ್ಕನೊಬ್ಬ 'ಅವಲಂಬಿತರು, ಆರು ಮಂದಿ' ಎಂಬಲ್ಲಿಗೆ ಬರುವಷ್ಟರಲ್ಲಿ ಬಿಕ್ಕಿ ಅತ್ತಿದ್ದನಂತೆ. ಆಕೆ ಅವನಿಗೆ ನೀರು ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಕಾದು, ಏಳನೆಯ ಪ್ರಶ್ನೆಯಿಂದ ಮತ್ತೆ ಓದಿದ್ದಳು.

ಆಕೆಯನ್ನು ದೂರದಿಂದಲೇ ಗುರುತಿಸಲು ಕೋಟೊಂದೇ ಸಾಕು. ಗಂಡ ಸ್ಟ್ಯಾನಿ ಮದುವೆಗೆಂದು ಮಂಗಳೂರಿನಲ್ಲಿ ಹೊಲಿಸಿದ್ದ ಕಪ್ಪು ಕೋಟು ಅದು. ಆತ ತೀರಿಕೊಂಡ ವರ್ಷ ನೈರೋಬಿಯ ಜುಲೈ ಚಳಿಗೆ ಮೈಗೇರಿದ್ದು ಜುಲೈ ಮುಗಿದರೂ ಇಳಿಯಲಿಲ್ಲ. ಹೂವಿನ ಚಿತ್ತಾರದ ಫ್ರಾಕಿನ ಮೇಲೆ ಗಂಡಸಿನ ಕೋಟು, ತೋಳುಗಳಿಗೆ ಎರಡೆರಡು ಮಡಿಕೆ, ಎಡಕಿಸೆಯಲ್ಲಿ ಅಂಟಿನ ಕಡ್ಡಿ, ಬಲಕಿಸೆಯಲ್ಲಿ ಭೂತಗನ್ನಡಿ, ಒಳಕಿಸೆಯಲ್ಲಿ ಜಪಸರ. ನಡಿಗೆ ಗಿಡ್ಡ ಹೆಜ್ಜೆಗಳದು, ಎಡಕ್ಕೆ ಕೊಂಚ ವಾಲಿದ್ದು; ಇಪ್ಪತ್ತಾರು ವರ್ಷ ಎಡಗಂಕುಳಲ್ಲಿ ಕಡತ ಅವುಚಿಕೊಂಡು ಎಂಬಕಸಿಯ ಸರಕು ಗೋದಾಮುಗಳ ನಡುವೆ ಓಡಾಡಿದ್ದರ ಫಲ. ಅಲ್ಲಿ ಆಕೆ ವಿಮಾನವೇರುವ ಪೆಟ್ಟಿಗೆಗಳ ಪಟ್ಟಿ ಟೈಪು ಮಾಡುತ್ತಿದ್ದಳು. ಪೆಟ್ಟಿಗೆಯೊಳಗಿರುವುದು ಒಂದು, ಪಟ್ಟಿಯಲ್ಲಿ ಬರೆದದ್ದು ಇನ್ನೊಂದು ಆಯಿತೆಂದರೆ ಸುಂಕದವರು ಅದನ್ನು ಶೆಡ್ಡಿನ ಮೂಲೆಗೆ ತಳ್ಳಿ ಕೊಳೆಯಲು ಬಿಡುತ್ತಾರೆಂಬುದು ಆ ಕಸುಬು ಕಲಿಸಿದ ಪಾಠ. ಅದನ್ನು ಮನುಷ್ಯರಿಗೂ ಅನ್ವಯಿಸಿದ್ದು ಆಕೆಯ ಸ್ವಂತ ಸಿದ್ಧಾಂತ. ಎದುರಿಗೆ ಕೂತವರು ಎಷ್ಟೇ ಸೊಗಸಾಗಿ ಕತೆ ಹೇಳಲಿ, ಕಡೆಗೆ ಕನ್ನಡಕ ಮೇಲೇರಿಸಿ ಆಕೆ ಕೇಳುತ್ತಿದ್ದದ್ದು ಒಂದೇ: "ಅದಿರ್ಲಿ, ನಿಜ ಎಂತ?"

ಪಕ್ಕದ ಕಿಲಿಮಾನಿ ಬಡಾವಣೆಯಲ್ಲಿ ವಾಸವಾಗಿದ್ದ, ಬೆಂಗಳೂರಿನ ಬ್ಯಾಂಕೊಂದರಿಂದ ಇಲ್ಲಿಗೆ ಬಂದಿದ್ದ ಯೋಗೀಶ ಒಮ್ಮೆ ಆಕೆಯ ಮೇಜಿನ ಮೇಲೆ ಬಾಗಿ, ಗೋಡೆಗೊರಗಿಸಿದ ಬೆಂಚಿನ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ. ಬೆಂಚಿನ ಮೇಲಿದ್ದ ಐದು ಮಂದಿಯ ಕೈಯಲ್ಲೂ ಹಸಿರು ಹೊದಿಕೆಯ ಪಾಸ್‌ಪೋರ್ಟುಗಳು.

"ಮೇಡಂ, ಒಂದ್ ಸಣ್ಣ ರಿಕ್ವೆಸ್ಟ್. ನನ್ ಫೈಲ್ ಸ್ವಲ್ಪ ಸೆಪರೇಟಾಗಿ ಇಡ್ತೀರಾ? ಇವ್ರದೆಲ್ಲಾ ಪಾಕಿಸ್ತಾನ್ ಕೇಸು. ನಮ್ಗ್ಯಾಕೆ ಸುಮ್ನೆ ತೊಂದ್ರೆ?"

"ಯಾಕೆ ಮಾರಾಯ್ರೇ, ಅಂಟುರೋಗವಾ?"

"ಹಾಗಲ್ಲ ಮೇಡಂ…"

"ಅದಿರ್ಲಿ, ನಿಜ ಎಂತ? ಹಿಂದೆ ಯಾವ್ದಾದ್ರೂ ದೇಶ ವೀಸಾ ಇಲ್ಲ ಅಂದದ್ದುಂಟಾ? ಈ ಕಾಲಂ ಖಾಲಿ ಬಿಟ್ಟಿದ್ದೀರಿ."

"ಎರಡ್ಸಾವಿರದ ಒಂಬತ್ತರಲ್ಲಿ ಅಮೆರಿಕದ್ದು ಒಂದ್ಸಲ ರಿಜೆಕ್ಟ್ ಆಗಿತ್ತು. ಹಳೇ ಕತೆ ಬಿಡಿ. ನೋ ಅಂತ ಹಾಕ್ಬಿಡಿ, ಯಾರ್ ನೋಡ್ತಾರೆ?"

"ಈ ಬೆಂಚಿನವ್ರೆಲ್ಲ ಯೆಸ್ ಅಂತ ಬರೆಸಿದ್ದಾರೆ. ನಿಮಗೊಬ್ಬರಿಗೇ ನೋ ಬೇಕು. ಈಗ ಹೇಳಿ, ಯಾರ ಫೈಲನ್ನು ದೂರ ಇಡೋದು?"

ಯೋಗೀಶ ಯೆಸ್ ಎಂದೇ ಬರೆಸಿದ. ಓದುವಾಗ ಆ ಸಾಲನ್ನು ಬಾಯಮ್ಮ ಎರಡು ಸಲ ಓದಿದಳು.

ಆ ಬೆಂಚಿನ ಚರಿತ್ರೆ ಬರೆದರೆ ಒಂದು ದಶಕದ ವಲಸೆಯ ಚರಿತ್ರೆಯೇ ಆದೀತು. ಎರಡು ಸಾವಿರದ ಹತ್ತು, ಹನ್ನೊಂದರ ಸುಮಾರಿಗೆ ಅಲ್ಲಿ ಬ್ರಿಟನ್ನಿನ ಕಾಲೇಜುಗಳ ಪ್ರವೇಶಪತ್ರ ಹಿಡಿದ ಹುಡುಗರು ಕೂರುತ್ತಿದ್ದರು. ಅಲ್ಲಿನ ಸರ್ಕಾರ ನಿಯಮ ಬಿಗಿ ಮಾಡಿ, ಎಷ್ಟೋ ಕಾಲೇಜುಗಳು ಬೀಗ ಹಾಕಿಕೊಂಡಾಗ ಬೆಂಚಿನ ಮಾತು ಕೊಲ್ಲಿ ರಾಷ್ಟ್ರಗಳ ಕಡೆ ಹೊರಳಿತು. ಹದಿನಾಲ್ಕರಿಂದ ಪಾಕಿಸ್ತಾನಕ್ಕೆ ಹೋಗಿ ಬರುವವರು ಪೋಲಿಯೊ ಲಸಿಕೆಯ ಹಳದಿ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಬೇಕಾಯಿತು. ಮೊಮ್ಮಕ್ಕಳನ್ನು ಕಂಡ ಅಜ್ಜಂದಿರೂ ಬಾಯಿ ತೆರೆದು ಹನಿ ಹಾಕಿಸಿಕೊಂಡರು. ಹದಿನೈದರಲ್ಲಿ ಕೈಬರಹದ ಹಳೆಯ ಪಾಸ್‌ಪೋರ್ಟುಗಳ ಕಾಲ ಮುಗಿಯಿತು. ಆಮೇಲೆ ಕೆನಡಾ: ವಯಸ್ಸಿಗಿಷ್ಟು, ಓದಿಗಿಷ್ಟು, ಇಂಗ್ಲಿಷಿಗಿಷ್ಟು ಎಂದು ಮನುಷ್ಯನಿಗೇ ಅಂಕ ಹಾಕುವ ಪದ್ಧತಿ. ನೈರೋಬಿಗೆ ಅಕ್ಕಿಯ ವ್ಯಾಪಾರಕ್ಕೋ ಹಳೆಯ ಕಾರಿನ ವ್ಯಾಪಾರಕ್ಕೋ ಬಂದು, ಮಕ್ಕಳಾದರೂ ಇನ್ನೊಂದು ದಡ ಸೇರಲೆಂದು ಬಯಸುವ ಲಾಹೋರಿನವರು, ಗುಜರಾನ್‌ವಾಲಾದವರು ಪ್ರತಿ ವರ್ಷವೂ ಹೊಸ ನಿಯಮ ಕಲಿತು, ಹೊಸ ಕಾಗದ ಹೊಂದಿಸಿ, ಅದೇ ಬೆಂಚಿಗೆ ಬರುತ್ತಿದ್ದರು. ಹೆರಿಗೆ ಕೋಣೆಯ ಆಕಸ್ಮಿಕವೊಂದಕ್ಕೆ ರಟ್ಟು ಹಾಕಿ, ಬಣ್ಣ ಬಳಿದು, ಅದನ್ನೇ ಮನುಷ್ಯನ ಯೋಗ್ಯತೆಯ ಪ್ರಮಾಣಪತ್ರವೆಂದು ನಂಬಿ ಕೂತ ಜಗತ್ತು ಇದು. ಹಸಿರು ಹೊದಿಕೆ ಕಂಡೊಡನೆ ಗಾಜಿನಾಚೆಯ ಬೆರಳುಗಳು ನಿಧಾನವಾಗುತ್ತವೆ. ನೀಲಿ ಹೊದಿಕೆಯ ಭಾರತೀಯರಾದ ನಾವಾದರೂ ಏನು ಕಡಿಮೆ? ಅದೇ ಸಾಲಿನಲ್ಲಿ ನಾಲ್ಕು ಜನ ಮುಂದೆ ನಿಂತಿದ್ದೇವೆ ಎಂಬ ಒಂದೇ ಹೆಮ್ಮೆಗೆ ಹಿಂದಿನವರನ್ನು ನೋಡಿ ಮೂಗು ಮುರಿಯುತ್ತೇವೆ.

ಎರಡು ಸಾವಿರದ ಹದಿನಾರರ ಜುಲೈನಲ್ಲಿ ಆ ಬೆಂಚಿಗೆ ತುಫೈಲ್ ಅಹ್ಮದ್ ಎಂಬ ಹಿರಿಯರು ಮಗಳು ಸಮೀನಾಳೊಡನೆ ಬಂದರು. ಸಿಯಾಲ್‌ಕೋಟಿನಲ್ಲಿ ತಯಾರಾಗುವ ಕತ್ತರಿ, ಚಿಮಟಗಳನ್ನು ನೈರೋಬಿಯ ಆಸ್ಪತ್ರೆಗಳಿಗೆ ಮಾರುತ್ತ ಇಪ್ಪತ್ತೆರಡು ವರ್ಷ ಇಲ್ಲೇ ಕಳೆದವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಮೀನಾ ಆರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು, ಈಗ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಒಂದೂವರೆ ವರ್ಷದ ಹಿಂದೆ ಸಿಯಾಲ್‌ಕೋಟಿನಲ್ಲಿ ಅವಳಿಗೂ, ಕೆನಡಾದ ಕ್ಯಾಲ್ಗರಿಯಲ್ಲಿ ಶೀತಲಯಂತ್ರ ರಿಪೇರಿ ಮಾಡುವ ಅದ್ನಾನನಿಗೂ ಮದುವೆಯಾಗಿತ್ತು. ಅದ್ನಾನ್ ಅವಳ ಸೋದರತ್ತೆಯ ಮಗ. ಹೆಂಡತಿಯಾಗಿ ಕೆನಡಾಕ್ಕೆ ಹೋಗಲು ಅವಳು ಹಾಕಿದ ಅರ್ಜಿ ಪೇಟೆಯ ಏಜೆಂಟನೊಬ್ಬನ ಮೂಲಕ ಆಗಲೇ ವೀಸಾ ಕಚೇರಿ ಸೇರಿತ್ತು. ಮೂರು ವಾರದಲ್ಲಿ ಸಂದರ್ಶನಕ್ಕೆ ಬರಬೇಕೆಂಬ ಪತ್ರ ಕೈಯಲ್ಲಿತ್ತು. ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿ, ಇಷ್ಟೇ ಅವರ ಕೋರಿಕೆ.

ಬಾಯಮ್ಮ ಅರ್ಜಿಯ ಪ್ರತಿ ತೆಗೆದುಕೊಂಡು ಎಂದಿನಂತೆ ಗಟ್ಟಿಯಾಗಿ ಓದಿದಳು. ಇಬ್ಬರೂ ಫೇಸ್‌ಬುಕ್ಕಿನಲ್ಲಿ ಪರಿಚಯವಾದರು, ಪ್ರೀತಿ ಬೆಳೆಯಿತು, ಮದುವೆಯ ನಂತರ ಮರೀ ಎಂಬ ಗಿರಿಧಾಮದಲ್ಲಿ ನಾಲ್ಕು ದಿನ ಮಧುಚಂದ್ರ. ಅದಕ್ಕೆ ಸಾಕ್ಷಿಯಾಗಿ ಹಿಮದ ಹಿನ್ನೆಲೆಯಲ್ಲಿ ಇಬ್ಬರೇ ನಿಂತ ಫೋಟೋ. ಓದಿನ ದನಿ ಅಲ್ಲಿಗೆ ನಿಂತಿತು. ಬಲಕಿಸೆಯಿಂದ ಭೂತಗನ್ನಡಿ ಹೊರಬಂತು. ಮುಂದಿನ ಮಾತು ನಡೆದದ್ದು ಹಿಂದಿ, ಪಂಜಾಬಿ, ಸ್ವಾಹಿಲಿಗಳ ಕಲಸುಮೇಲೋಗರದಲ್ಲಿ. ಭಾಷೆ ಯಾವುದಾದರೂ ಬಾಯಮ್ಮನ ಧಾಟಿ ಮಾತ್ರ ಮಂಗಳೂರಿನದೇ.

"ಈ ಕೈ ಯಾರದು?"

ಸಮೀನಾ ಫೋಟೋದ ಮೇಲೆ ಬಾಗಿದಳು.

"ನಿನ್ನ ಎರಡು ಕೈ ಇಲ್ಲುಂಟು. ಅವನ ಎರಡೂ ಕೈ ಜೇಬಲ್ಲುಂಟು. ನಿನ್ನ ಭುಜದ ಮೇಲೆ ಬಳೆ ಹಾಕಿದ ಐದನೇ ಕೈ ಯಾರದು ಮಗಾ?"

"ಫುಫೀದು. ಅದ್ನಾನ್‌ನ ಅಮ್ಮಂದು."

"ಹನಿಮೂನಿಗೆ ಅತ್ತೆಯೂ ಬಂದಿದ್ರಾ?"

"ಹನ್ನೊಂದು ಜನ ಹೋಗಿದ್ದೆವು ಆಂಟಿ. ಬೆಳಿಗ್ಗೆ ಹೋಗಿ ರಾತ್ರಿ ವಾಪಸು. ಒಂದೇ ವ್ಯಾನು," ಎಂದು ಸಮೀನಾ ನಕ್ಕಳು. ನಗು ಅರ್ಧಕ್ಕೇ ಬೇರೇನೋ ಆಯಿತು. ಏಜೆಂಟ್ ಉಳಿದ ಒಂಬತ್ತು ಮಂದಿಯನ್ನು ಫೋಟೋದಿಂದ ಕತ್ತರಿಸಿ ಹಾಕಿದ್ದ. ಅತ್ತೆಯ ಕೈಯೊಂದು ತಪ್ಪಿ ಉಳಿದುಕೊಂಡಿತ್ತು.

ನಿಜ ಇಷ್ಟೇ. ನಿಕಾಹ್ ನಡೆದಿತ್ತು, ಗಂಡಸರೂ ಹೆಂಗಸರೂ ಬೇರೆ ಬೇರೆ ಶಾಮಿಯಾನಗಳಲ್ಲಿ ಕೂತಿದ್ದರು, ಹಿರಿಯರು ನಿಕಾಹ್‌ನ ನೋಂದಣಿ ಪುಸ್ತಕ ಹಿಡಿದು ಅವಳಿದ್ದ ಕೋಣೆಗೆ ಬಂದು ಒಪ್ಪಿಗೆ ಕೇಳಿ ರುಜು ಹಾಕಿಸಿಕೊಂಡಿದ್ದರು. ಹೀಗಾಗಿ ಗಂಡುಹೆಣ್ಣು ಒಟ್ಟಿಗೆ ಕೂತ ಮದುವೆಯ ಫೋಟೋ ಇಲ್ಲ. ಮದುಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ರುಖ್ಸತಿಯನ್ನು ವೀಸಾ ಬಂದ ಮೇಲೆ ಎಂದು ಮುಂದೂಡಿದ್ದರು. ಹೀಗಾಗಿ ಒಟ್ಟಿಗೆ ಬಾಳಿದ ಒಂದು ದಿನವೂ ಇಲ್ಲ. ಇದು ಅವರಲ್ಲಿ ಮನೆಮನೆಯ ವಾಡಿಕೆ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಎಷ್ಟೋ ಮನೆಗಳಲ್ಲೂ ನಿನ್ನೆಮೊನ್ನೆಯವರೆಗೆ ನಡೆದದ್ದೇ. ಆದರೆ 'ನೀವಿಬ್ಬರೂ ಮೊದಲು ಎಲ್ಲಿ ಭೇಟಿಯಾದಿರಿ' ಎಂದು ಕೇಳುವ ಅರ್ಜಿಗೆ, ಅವಳ ತೊಟ್ಟಿಲು ತೂಗಿದ್ದೇ ಅವನ ಅಮ್ಮ ಎಂದು ಬರೆಯಲು ನಾಚಿ, ಅಧಿಕಾರಿಗೆ ಹಿಡಿಸೀತೆಂದು ಬೇರೆಯವರ ಪ್ರೇಮಕಥೆಯನ್ನು ಕಡ ತಂದು ಅಂಟಿಸಿದ್ದರು. ತಮ್ಮ ಮದುವೆಯೇ ಒಂದು ಅಪರಾಧವೆಂಬಂತೆ ಮುಚ್ಚಿಟ್ಟು, ಇಲ್ಲದ ಅಪರಾಧವನ್ನು ಕೈಯಾರೆ ಮಾಡಿದ್ದರು. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಐದು ವರ್ಷ ಆ ದೇಶದ ಬಾಗಿಲು ಬಂದ್.

"ಸಂದರ್ಶನಕ್ಕೆ ಮೊದಲೇ ನಿಜ ಬರೆದು ಕಳಿಸುವಾ," ಎಂದಳು ಬಾಯಮ್ಮ.

ತುಫೈಲ್ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಬೆಹನ್‌ಜೀ, ನಿಕಾಹ್ ಆಗಿ ಒಂದೂವರೆ ವರ್ಷ, ಮಗಳಿನ್ನೂ ನನ್ನ ಮನೆಯಲ್ಲಿದ್ದಾಳೆ. ನೆಂಟರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಇನ್ನು ಆ ಗೋರಾ ಅಧಿಕಾರಿಗೂ ಕಾಗದದಲ್ಲಿ ಬರೆದು ಕೊಡಲಾ, ನನ್ನ ಮಗಳನ್ನು ಯಾರೂ ಕರೆದುಕೊಂಡು ಹೋಗಿಲ್ಲ ಅಂತ?"

"ಸುಳ್ಳನ್ನೂ ಕಾಗದದಲ್ಲೇ ಬರೆದದ್ದಲ್ವಾ ಸಾಹೇಬರೇ?"

"ಅದು ನಾನಲ್ಲ, ಏಜೆಂಟ್."

"ಸೈನ್ ಯಾರದು?"

ಅವರು ಕಡತ ಕಸಿದುಕೊಂಡು ಹೊರಟುಹೋದರು. ಸಮೀನಾ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಅಪ್ಪನ ಹಿಂದೆ ಹೋದಳು.

ಮುಂದಿನ ಮೂರು ದಿನ ಮೂರನೆಯ ಮಹಡಿಗೆ ಏನೂ ಕೇಳಲಿಲ್ಲ. ಬಂದವರನ್ನು ನಾಳೆ ಬನ್ನಿ ಎಂದು ಕಳಿಸಿ ಬಾಯಮ್ಮ ನಿಯಮಪುಸ್ತಕದ ಅದೇ ಎರಡು ಪುಟಗಳನ್ನು ಮತ್ತೆ ಮತ್ತೆ ತಿರುವಿದಳು. ತಾನಾಗಿ ತಪ್ಪು ಒಪ್ಪಿಕೊಂಡವರನ್ನು ಕ್ಷಮಿಸಲೇಬೇಕೆಂದು ಎಲ್ಲೂ ಬರೆದಿರಲಿಲ್ಲ. ಕ್ಷಮಿಸಬಾರದೆಂದೂ ಬರೆದಿರಲಿಲ್ಲ. ಯಾರೋ ಅಧಿಕಾರಿಯ ಆ ಬೆಳಗಿನ ಮನಸ್ಸಿಗೆ ಬಿಟ್ಟ ಮಾತು. ತನ್ನ ಸಿದ್ಧಾಂತದ ಹಟಕ್ಕೆ ಇಪ್ಪತ್ತೆಂಟರ ಹೆಣ್ಣೊಬ್ಬಳ ಐದು ವರ್ಷ ಹೋದರೆ? ಪೆಟ್ಟಿಗೆ ಕೊಳೆತರೆ ವಿಮೆಯವರು ಪರಿಹಾರ ಕೊಡುತ್ತಾರೆ. ಇದಕ್ಕೆ ಯಾರು ಕೊಡುತ್ತಾರೆ? ಇಗರ್ಜಿಯಲ್ಲಿ ಮೊಣಕಾಲೂರಿ ಕೂತಾಗಲೂ ಆಕೆಗೆ ಬೇರೆ ಪ್ರಾರ್ಥನೆ ಬರಲಿಲ್ಲವಂತೆ.

ನಾಲ್ಕನೆಯ ದಿನ ಸಂಜೆ ಸಮೀನಾ ಆಸ್ಪತ್ರೆಯ ಸಮವಸ್ತ್ರದಲ್ಲೇ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಒಬ್ಬಳೇ ಬಂದಳು.

"ಬರೆದುಕೊಟ್ಟರೆ ವೀಸಾ ಸಿಗುತ್ತಾ ಆಂಟಿ?"

"ಗೊತ್ತಿಲ್ಲ ಮಗಾ."

"ಸಿಗದಿದ್ದರೆ?"

"ಐದು ವರ್ಷ. ಸುಳ್ಳು ಒಪ್ಪಿಕೊಳ್ಳುವ ಹಾಗೆ ಮಾಡಿದವಳು ನಾನು ಅಂತ ನೀನು ನನ್ನನ್ನು ಬೈಯಬಹುದು. ನಾನು ಇಲ್ಲೇ ಇರ್ತೇನೆ, ಬಂದು ಬೈ."

ಸಮೀನಾ ನಗಲಿಲ್ಲ. "ನೀವಾಗಿದ್ದರೆ?"

ಬಾಯಮ್ಮ ಕನ್ನಡಕ ತೆಗೆದಿಟ್ಟಳು. "ನನ್ನ ಮದುವೆಯಾಗಿ ಹತ್ತೊಂಬತ್ತನೇ ದಿನ ಸ್ಟ್ಯಾನಿ ಇಲ್ಲಿಗೆ ವಾಪಸು ಬಂದ. ನನ್ನ ಪರ್ಮಿಟ್ ಆಗ್ಲಿಕ್ಕೆ ಹನ್ನೊಂದು ತಿಂಗಳು. ಊರವರು ಕೇಳೋದು, ಗಂಡ ಬಿಟ್ಟನಾ ಅಂತ. ನಾನೆಂತ ಹೇಳ್ತಿದ್ದೆ ಗೊತ್ತುಂಟಾ? ಬರುವ ವಾರ ಹೋಗ್ತೇನೆ. ಹನ್ನೊಂದು ತಿಂಗಳೂ ಅದೇ. ಕಡೆಗೆ ಅಂಗಡಿಗೆ ಹೋಗ್ಲಿಕ್ಕೂ ಹೆದರಿಕೆ, ಯಾರ ಹತ್ರ ಯಾವ ವಾರ ಹೇಳಿದ್ದೆ ಅಂತ ನೆನಪಿರ್ಬೇಕಲ್ಲ. ಸುಳ್ಳು ನನಗೂ ಬರ್ತದೆ ಮಗಾ. ಅದನ್ನು ಹೊತ್ತು ತಿರುಗ್ಲಿಕ್ಕೆ ಆಗುದಿಲ್ಲ."

ಸಮೀನಾ ಮೇಜಿನ ಮೇಲಿದ್ದ ಪೆನ್ನನ್ನು ಆಕೆಯತ್ತ ಸರಿಸಿ, "ಬರೆಯಿರಿ," ಎಂದಳು.

ಒಂದೂವರೆ ಪುಟದ ಪತ್ರ. ಏಜೆಂಟ್ ಬರೆದದ್ದರಲ್ಲಿ ಯಾವುದು ಸುಳ್ಳು, ಯಾಕೆ ರುಜು ಹಾಕಿದೆ, ನಿಜ ಏನು. ಸಾಕ್ಷಿಗೆ ಏನಿದೆ ಎಂದು ಕೇಳಿದಾಗ ಸಮೀನಾ ಸಂಕೋಚದಿಂದ ಫೋನು ಮುಂದೆ ಹಿಡಿದಳು. ಏಜೆಂಟ್ ಇದನ್ನು ನೋಡಿ, ಇದರಲ್ಲಿ ಪ್ರೀತಿಯೇ ಇಲ್ಲ ಎಂದು ಬದಿಗಿಟ್ಟಿದ್ದನಂತೆ. ಒಂದೂವರೆ ವರ್ಷದ ಸಂದೇಶಗಳು. ಬೇಳೆಗೆ ಅರಿಶಿನ ಮೊದಲು ಹಾಕಬೇಕೋ ಆಮೇಲೋ ಎಂದು ಅವನು. ಮೊದಲು, ಎಷ್ಟು ಸಲ ಹೇಳಬೇಕು ನಿನಗೆ ಎಂದು ಇವಳು. ನಿನ್ನ ಕಾಲಿನ ಅಳತೆ ಹೇಳು, ಹಿಮದ ಬೂಟು ಅಗ್ಗಕ್ಕೆ ಬಂದಿದೆ ಎಂದು ಅವನು. ಆ ಬೂಟು ಎರಡು ಚಳಿಗಾಲದಿಂದ ಅವನ ಬಾಗಿಲ ಬಳಿ ಇತ್ತು. ಅದರ ಫೋಟೋವನ್ನೂ ಕಳಿಸಿದ್ದ.

"ಆಯ್ ಸಾಯ್ಬಾ!" ಎಂದಳು ಬಾಯಮ್ಮ. "ಆ ಏಜೆಂಟನಿಗೆ ಮದುವೆ ಆಗಿಲ್ವಾ ಎಂತ?" ಅಷ್ಟನ್ನೂ ಮುದ್ರಿಸಿ ಪತ್ರಕ್ಕೆ ಪೋಣಿಸಿದಳು. ಅದ್ನಾನ್ ಫೋನಿನಲ್ಲಿ ಮೊದಲು ಬೇಡವೆಂದ, ಕಡೆಗೆ ತಾನೂ ಒಂದು ಪತ್ರ ಬರೆದು ಕಳಿಸುತ್ತೇನೆಂದ.

ಮರುದಿನ ತುಫೈಲ್ ಸಾಹೇಬರೇ ಬಂದು ಬಾಗಿಲಲ್ಲಿ ನಿಂತರು. ಮಗಳು ಅವರಿಗೆ ಹೇಳಿದ್ದು ಒಂದೇ ಮಾತು: ನಿಮ್ಮೆದುರಿಗೆ ಎಂದೂ ಸುಳ್ಳು ಹೇಳಿಲ್ಲ ಅಬ್ಬಾ, ಅಲ್ಲಿ ಕೂತು ಹೇಳಲು ನನಗೆ ಬರುವುದಿಲ್ಲ. ಅವರ ಕೈಯಲ್ಲಿ ಕತ್ತರಿಸದ ಪೂರ್ತಿ ಫೋಟೋ ಇತ್ತು, ಅದರ ಹಿಂಬದಿಯಲ್ಲಿ ಉರ್ದುವಿನಲ್ಲಿ ಒಬ್ಬೊಬ್ಬರ ಹೆಸರು. "ಓದಿ ಬೆಹನ್‌ಜೀ. ನಾನೂ ಕೇಳುತ್ತೇನೆ."

ಬಾಯಮ್ಮ ಎದ್ದು ನಿಂತು ಓದಿದಳು. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ರುಖ್ಸತಿ ಇನ್ನೂ ಆಗಿಲ್ಲ ಎಂಬ ಸಾಲನ್ನೂ ತಡೆಯಲಿಲ್ಲ. ಹನ್ನೊಂದು ಮಂದಿ ಮರೀಗೆ ಹೋಗಿದ್ದೆವು ಎಂಬಲ್ಲಿ ಮಾತ್ರ ಕೈಯೆತ್ತಿ ತಡೆದರು.

"ಹನ್ನೆರಡು."

"ಫೋಟೋದಲ್ಲಿ ಹನ್ನೊಂದೇ ಉಂಟು."

"ತೆಗೆದವನು ನಾನು."

ಬಾಯಮ್ಮ ಹನ್ನೆರಡು ಎಂದು ತಿದ್ದಿ, ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದಳು.

ಪತ್ರ ಮೊದಲೇ ತಲುಪಿತ್ತು. ಸಂದರ್ಶನದ ದಿನ ಆಕೆ ವೀಸಾ ಕಚೇರಿಯ ಗೇಟಿನವರೆಗೂ ಹೋದಳು. ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ ಹೋದಳು. ಒಂದು ಗಂಟೆ ಇಪ್ಪತ್ತು ನಿಮಿಷ, ಸಾಹೇಬರೂ ಆಕೆಯೂ ಬೇಲಿಯ ಬದಿಯ ಕಲ್ಲಿನ ಮೇಲೆ, ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟು, ಒಂದೇ ಪೊಟ್ಟಣದ ಕಡಲೆಕಾಯಿ ತಿಂದರು. ಹೊರಬಂದ ಸಮೀನಾಳ ಮುಖದಲ್ಲಿ ಏನೂ ಓದಲಾಗಲಿಲ್ಲ. ಯಾಕೆ ಸುಳ್ಳು ಬರೆಸಿದೆ ಎಂದು ಕೇಳಿದರಂತೆ. 'ನಮ್ಮ ಮದುವೆ ನಿಮಗೆ ಮದುವೆ ಅನ್ನಿಸುವುದಿಲ್ಲ ಎಂದುಕೊಂಡೆವು' ಎಂದಳಂತೆ. ಆಮೇಲೆ ಫೋಟೋದಲ್ಲಿದ್ದ ಹನ್ನೊಂದು ಮಂದಿಯ ಹೆಸರು, ಯಾರು ಯಾರಿಗೆ ಏನಾಗಬೇಕು, ಎಲ್ಲ ಕೇಳಿದರಂತೆ. ಹೆಸರಿನ ಜೊತೆಗೆ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದನ್ನೂ ಇವಳು ಹೇಳಿದಳಂತೆ. ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೇಳಿದಳಂತೆ.

ಹತ್ತು ವಾರ ಸುದ್ದಿಯಿಲ್ಲ. ಜಕರಾಂಡ ಮರಗಳು ರಸ್ತೆಯ ಮೇಲೆ ನೇರಳೆ ಬಣ್ಣ ಚೆಲ್ಲಿದ ಅಕ್ಟೋಬರಿನಲ್ಲಿ, ಪಾಸ್‌ಪೋರ್ಟನ್ನು ವೀಸಾ ಮುದ್ರೆಗಾಗಿ ಕಳುಹಿಸಿ ಎಂಬ ಎರಡು ಸಾಲಿನ ಪತ್ರ ಬಂತು. ಬಾಯಮ್ಮ ಅದನ್ನೂ ಗಟ್ಟಿಯಾಗಿಯೇ ಓದಿದಳು, ದನಿ ಮಾತ್ರ ಎರಡನೆಯ ಸಾಲಿನಲ್ಲಿ ಕೈಕೊಟ್ಟಿತು. ಉಳಿದದ್ದನ್ನು ಸಮೀನಾಳೇ ಓದಿಕೊಂಡಳು.

ರುಖ್ಸತಿ ನಡೆದದ್ದು ನವೆಂಬರಿನ ಒಂದು ಮಧ್ಯಾಹ್ನ, ಎಂಬಕಸಿಯ ವಿಮಾನ ನಿಲ್ದಾಣದ ನಿರ್ಗಮನ ದ್ವಾರದಲ್ಲಿ. ಕೆಂಪು ದುಪ್ಪಟ್ಟಾ ಹೊದ್ದ ಮಗಳ ತಲೆಯ ಮೇಲೆ ತುಫೈಲ್ ಸಾಹೇಬರು ಬಟ್ಟೆ ಸುತ್ತಿದ ಕುರಾನನ್ನು ಎತ್ತಿ ಹಿಡಿದರು, ಅದರ ನೆರಳಿನಲ್ಲಿ ಅವಳು ಹೊಸ್ತಿಲು ದಾಟಬೇಕು. ತಾಯಿ ನಡೆಯಬೇಕಾದ ಎಡಬದಿ ಖಾಲಿಯಿತ್ತು. ಸಾ‌ಹೇಬರು ಹಿಂದೆ ನಿಂತಿದ್ದ ಬಾಯಮ್ಮನನ್ನು ನೋಡಿ, "ಬೆಹನ್‌ಜೀ, ಬನ್ನಿ," ಎಂದರು. "ನಾನು ಕ್ರಿಸ್ತಾಂವ್ ಸಾಹೇಬರೇ, ಅಡ್ಡಿಯಿಲ್ವಾ?" ಎಂದು ಕೇಳುತ್ತಲೇ ಆಕೆ ಬಂದು ಸೇರಿಕೊಂಡಳು. ಬಾಗಿಲಲ್ಲಿದ್ದ ಕಾವಲಿನವನು ಟಿಕೆಟ್ ನೋಡಿ, ಬೇಗ ಬೇಗ ಎನ್ನಲು ಬಾಯಿ ತೆರೆದವನು, ಎತ್ತಿದ ಕೈಗಳನ್ನು ನೋಡಿ ತನ್ನ ಟೋಪಿ ತೆಗೆದು ಪಕ್ಕಕ್ಕೆ ಸರಿದ. ಹಿಂದಿನ ಸಾಲಿನವರು ಸೂಟ್‌ಕೇಸು ಹಿಡಿದು ಕಾದರು. ಯಾರೂ ಗೊಣಗಲಿಲ್ಲ.

ದೇಶಗಳ ನಡುವೆ ಗೋಡೆ ಕಟ್ಟುವವರ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಗೋಡೆ ಒಡೆಯುತ್ತೇವೆಂದು ಕೂಗುವವರದ್ದೂ ಬರುತ್ತದೆ. ಗೋಡೆಯ ಬುಡದಲ್ಲಿ ಮೇಜು ಹಾಕಿಕೊಂಡು, ಹಾಯಲು ಬಂದವರನ್ನು ಕೂರಿಸಿ, ಅವರ ಹೆಸರು ಕೇಳುವ ಜನ ಎಲ್ಲೂ ಬರುವುದಿಲ್ಲ. ನಗರ ನಗರದಲ್ಲೂ ಅಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬಡವನಿಗೆ ಗುಟ್ಟಾದ ಅಡ್ಡದಾರಿ ತೋರಿಸಿ ಉಪಕಾರಿಯೆನಿಸಿಕೊಳ್ಳುವುದು ಅವರಿಗೆ ಸುಲಭವಿತ್ತು. ನೆಟ್ಟಗಿನ ದಾರಿಯಲ್ಲಿ ನಡೆಯುವ ಹಕ್ಕು ಅವನಿಗೂ ಇದೆ ಎಂದು ನಂಬುವ ಕಷ್ಟದ ಗೌರವವನ್ನು ಅವರು ತೋರಿಸುತ್ತಾರೆ, ಆ ನಂಬಿಕೆಯ ಭಯವನ್ನೂ ಅವನೊಡನೆ ಹಂಚಿಕೊಳ್ಳುತ್ತಾರೆ. ತಾನು ಯಾರೆಂದು ಮರೆಮಾಚದೆ ಬಾಗಿಲು ತಟ್ಟಿ ಒಳಹೋದವನು ಆಚೆಯ ನೆಲದಲ್ಲಿ ಯಾರಿಗೂ ಅಂಜಿ ಬದುಕಬೇಕಾಗಿಲ್ಲ. ಇಂಥವರು ಒಬ್ಬೊಬ್ಬರನ್ನಾಗಿ ಹಾಗೆ ದಾಟಿಸುತ್ತ ಹೋದರೆ ಎಂದೋ ಒಂದು ದಿನ ಬಾಗಿಲು ಕಾಯುವವರೂ ಬದಲಾದಾರು. ಆ ದಿನ ಬರುವವರೆಗೆ ಇವರ ಮೇಜಿನ ಮುಂದಿನ ಸಾಲು ಕರಗುವುದಿಲ್ಲ, ಇವರು ಎದ್ದು ಹೋಗುವುದೂ ಇಲ್ಲ.